ಪಾಟಿಯ ಮೇಲಿನ ಮೋಟಾರು

ನನಗೆ ಬರೆಯಲು ಪುರುಸೊತ್ತು ಸಿಗುತ್ತಿದ್ದುದು ತಿಂಗಳಿಗೊಮ್ಮೆ ಹೊರಗೆ ಕೂತಾಗ ಮಾತ್ರ. ನಾಚಿಕೊಂಡು ಮುಚ್ಚಿಡುವ ವಯಸ್ಸು ಈಗ ನನ್ನದಲ್ಲ, ಅದಕ್ಕೇ ನೆಟ್ಟಗೆ ಹೇಳಿಬಿಡುತ್ತೇನೆ. ತಿಕೋಟಾದ ನನ್ನ ಗಂಡನ ಮನೆಯಲ್ಲಿ ಸೊಸೆಯ ಕೈ ಖಾಲಿ ಇರುವುದನ್ನು ಯಾರೂ ಸಹಿಸುತ್ತಿರಲಿಲ್ಲ. ಬೀಸುವುದು, ಕುಟ್ಟುವುದು, ನೀರು ಸೇದುವುದು, ಸಾರಿಸುವುದು, ರೊಟ್ಟಿ ಬಡಿಯುವುದು, ಹೊಲಕ್ಕೆ ಬುತ್ತಿ ಕಟ್ಟುವುದು. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು. ಮುಟ್ಟಾದ ಮೂರು ದಿನ ಮಾತ್ರ ನಾನು ಯಾವ ಕೆಲಸಕ್ಕೂ ಕೈ ಹಾಕುವ ಹಾಗಿರಲಿಲ್ಲ. ಹಿತ್ತಿಲಲ್ಲಿ ಹತ್ತಿಕಟ್ಟಿಗೆ ಒಟ್ಟಿದ್ದ ಕೋಣೆಯಲ್ಲಿ ಚಾಪೆ, ತಂಬಿಗೆ ಇಟ್ಟುಕೊಂಡು ಕೂಡಬೇಕು. ಓಣಿಯ ಹೆಂಗಸರು ಅದನ್ನು ಸೆರೆಮನೆ ಅನ್ನುತ್ತಿದ್ದರು. ನಾನು ಅದರ ದಾರಿ ಕಾಯುತ್ತಿದ್ದೆ.

ವಿಜಾಪುರದಲ್ಲಿ ಹುಟ್ಟಿ ಬೆಳೆದು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು ನಾನು. ಲಗ್ನಕ್ಕೆ ಮೊದಲು ನನ್ನದೊಂದು ಸಣ್ಣ ಕಥೆ ಮಾಸಪತ್ರಿಕೆಯಲ್ಲಿ ಅಚ್ಚಾಗಿತ್ತು, ಸಂಪಾದಕರು ಇನ್ನೊಂದು ಬೇಕು ಅಂದಿದ್ದರು. ಆ ಇನ್ನೊಂದನ್ನು ತಲೆಯಲ್ಲಿ ಹೊತ್ತುಕೊಂಡೇ ತಿಕೋಟಾಕ್ಕೆ ಬಂದೆ. ಅದು ಯುದ್ಧದ ಕಾಲ. ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಲಿ ಉರಿಸಿಕೊಂಡು ಓಡುತ್ತಿದ್ದವು, ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ನನ್ನ ಕಥೆಯಲ್ಲಿ ಒಬ್ಬ ಹೆಂಗಸು ಮನೆಯಲ್ಲಿ ಯಾರಿಗೂ ಹೇಳದೆ ವಿಜಾಪುರದ ಮೋಟಾರು ಹತ್ತುತ್ತಾಳೆ. ಅದು ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ. ಇಳಿದು ಮನೆಗೆ ತಿರುಗಬೇಕೋ, ಕೂತೇ ಇರಬೇಕೋ? ಅವಳು ಏನು ಮಾಡುತ್ತಾಳೆ ಅನ್ನುವುದು ಬರೆದ ಮೇಲೆಯೇ ನನಗೂ ಗೊತ್ತಾಗಬೇಕಿತ್ತು.

ಮೊದಲ ಸಲ ಹೊರಗೆ ಕೂತಾಗ ಸೆರಗಿನಲ್ಲಿ ಕಾಗದ, ಪೆನ್ಸಿಲ್ಲು ಮುಚ್ಚಿಕೊಂಡು ಹೋದೆ. ಮೂರೂ ದಿನ ಬಗ್ಗಿದ ಕುತ್ತಿಗೆ ಎತ್ತಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಅತ್ತೆಯವರು ಬಂದು ನೋಡಿ ಹೌಹಾರಿದರು.

"ಅಯ್ಯ ನಮ್ಮವ್ವಾ, ಹೊರಗ ಕೂತು ಸರಸ್ವತೀನ್ನ ಹಿಡಕೊಂಡೀಯಲ್ಲ! ಚಾಪಿ ತೊಳೀಬಹುದು, ಸೀರಿ ಒಗೀಬಹುದು. ಕಾಗದಾ ಹ್ಯಾಂಗ ತೊಳೀತಿ?"

ಆ ಮೂರು ದಿನ ಮುಟ್ಟಿದ ಯಾವ ಸಾಮಾನೂ ನೀರು ಕಾಣದೆ ಒಳಗೆ ಬರುವಂತಿಲ್ಲ, ಮನೆಯ ಕಟ್ಟುನಿಟ್ಟು ಹಾಗಿತ್ತು. ಹಾಳೆಗಳೆಲ್ಲ ನನ್ನದೇ ಸ್ನಾನದ ನೀರು ಕಾಯುತ್ತಿದ್ದ ಒಲೆಗೆ ಹೋದವು. ಆ ನೀರನ್ನು ಮೈಮೇಲೆ ಸುರಿದುಕೊಳ್ಳುವಾಗ ಹೊಟ್ಟೆ ಉರಿದು ಅಳು ಬಂತು.

ಯಜಮಾನರು ಬಬಲೇಶ್ವರದ ಸಾಲಿಯಲ್ಲಿ ಮಾಸ್ತರರು. ಶನಿವಾರ ಬಂದು ಸೋಮವಾರ ನಸುಕಿನಲ್ಲಿ ಹೊರಟುಬಿಡುವವರು, ತಾಯಿಯ ಎದುರು ಸೊಲ್ಲೆತ್ತಿದವರಲ್ಲ. ಆದರೂ ಆ ಶನಿವಾರ ಕೈಚೀಲದಿಂದ ಸಾಲಿಯ ಮಕ್ಕಳು ಬಳಪದಲ್ಲಿ ಬರೆಯುವಂಥ ಒಂದು ಪಾಟಿ ತೆಗೆದು ತಾಯಿಯ ಮುಂದೆಯೇ ಇಟ್ಟರು.

"ಅವ್ವಾ, ಇದು ಕಲ್ಲು. ನೀರು ಹಾಕಿದ್ರ ಆತಲ್ಲ?"

ಅತ್ತೆಯವರು ಪಾಟಿಯನ್ನು ತಿರುವಿ ಮುರುವಿ ನೋಡಿದರು. "ಹೂಂ, ಕಲ್ಲಿಗೇನು. ಒಂದು ಕೊಡ ನೀರು ಸುರುವಿದ್ರ ಸ್ವಚ್ಛ. ಬರಕೊಳ್ಳಲಿ" ಅಂದರು. ನನಗೆ ಕುಣಿಯುವಷ್ಟು ಖುಷಿ.

ಎಂಥ ಖುಷಿ, ಮಣ್ಣು! ಮುಂದಿನ ತಿಂಗಳು ಅಕ್ಷರಗಳನ್ನು ಸಾಸಿವೆಯಷ್ಟು ಸಣ್ಣ ಮಾಡಿ ಪಾಟಿಯ ಎರಡೂ ಮಗ್ಗುಲು ತುಂಬಿದೆ. ಅತ್ತೆಯವರು ಕೊಡ ಹಿಡಿದು ಎದುರಿಗೆ ನಿಂತಾಗಲೇ ನನ್ನ ತಲೆಗೆ ಹೊಳೆದದ್ದು, ಪಾಟಿ ಒಳಗೆ ಬರಬೇಕಾದರೆ ಕಥೆ ಹೋಗಬೇಕು ಅಂತ. ಸಾಲಿ ಕಲಿಸುವ ಮಾಸ್ತರರಿಗೂ ಮುಲ್ಕಿ ಪಾಸಾದ ನನಗೂ ಇಷ್ಟು ತಿಳಿದಿರಲಿಲ್ಲ ನೋಡಿ.

"ತಡೀರಿ ಅತ್ಯಾರ, ಒಂದು ಸಲ ಓದ್ಕೋತೀನ್ರಿ" ಅಂದೆ.

"ಜೋರಾಗಿ ಓದು. ಏನು ಬರದೀ ಅಂತ ನನಗೂ ತಿಳೀಲಿ."

ಅವರಿಗೆ ಓದು ಬರುತ್ತಿರಲಿಲ್ಲ. ಕೊಡವನ್ನು ಟೊಂಕದ ಮೇಲಿಟ್ಟುಕೊಂಡು ನಿಂತೇ ಕೇಳಿದರು. ಮೋಟಾರು ಕೆಟ್ಟು ನಿಂತಲ್ಲಿಗೆ ಪಾಟಿ ತುಂಬಿತ್ತು, ನಾನೂ ನಿಂತೆ.

"ಮುಂದ?"

"ಇಷ್ಟ ಆಗ್ಯದ್ರಿ."

"ಥೂ, ನಡುವ ಬಿಟ್ಟೀಯಲ್ಲ" ಅಂದವರೇ ಕೊಡ ಬಗ್ಗಿಸಿದರು. ಬಿಳಿ ನೀರು ಹಿತ್ತಿಲ ಮೋರಿಗೆ ಹರಿದು ಹೋಯಿತು.

ಒಳಗೆ ಹೋದೊಡನೆ ಕಾಗದಕ್ಕೆ ಇಳಿಸಿಬಿಡೋಣ ಅಂದರೆ ಮೂರು ದಿನದ ಕೆಲಸ ನನಗಾಗಿ ಬಾಯಿ ತೆರೆದು ಕಾದಿರುತ್ತಿತ್ತು. ಬೀಸುತ್ತ ಒಂದೊಂದೇ ವಾಕ್ಯ ಬಾಯಿಪಾಠ ಮಾಡುತ್ತಿದ್ದೆ. "ಒಲಿ ಆರಾಕತ್ತದ ನೋಡು!" ಎಂಬ ಕೂಗು ಬಂದರೆ ಅರ್ಧ ಹೋಯಿತು, ಹಾಲು ಉಕ್ಕಿದರೆ ಉಳಿದರ್ಧ. ಸಂಜೆ ಪೆನ್ಸಿಲ್ಲು ಹಿಡಿಯುವ ಹೊತ್ತಿಗೆ ತಲೆಯಲ್ಲಿ ಬರೀ ಹೊಗೆ. ಮುಂದಿನ ಸಲ ಮತ್ತೆ ಆ ಹೆಂಗಸನ್ನು ತಿಕೋಟಾದಲ್ಲೇ ಮೋಟಾರು ಹತ್ತಿಸಬೇಕು. ಪಂಚಮಿಗೆ ತವರಿಗೆ ಹೋದಾಗ ಮುಗಿಸೋಣ ಅಂದುಕೊಂಡರೆ ಅಲ್ಲಿ ನನ್ನ ತಾಯಿ, "ಬರೆಯಾಕ ಬಂದೀಯೇನು ಇಲ್ಲಿ? ನಾಕು ದಿನ ನಮ್ಮ ಕೂಡ ಮಾತಾಡು" ಎಂದು ಕಾಗದ ಕಸಿದು ಗೋಡೆಯ ಮಾಡದಲ್ಲಿಟ್ಟಳು. ಎಲ್ಲಿ ಹೋದರೂ ಇದೇ ಹಣೆಬರಹ.

ತಿಂಗಳಿಗೊಮ್ಮೆ ಕೇಳಿ ಕೇಳಿ ಅತ್ತೆಯವರಿಗೆ ಕಥೆ ನನಗಿಂತ ಚೆನ್ನಾಗಿ ನೆನಪಿತ್ತು. "ಹೋದ ಸಲ ಆಕಿ ಹಸರು ಸೀರಿ ಉಟ್ಟಿದ್ಲು. ಈಗ ಕೆಂಪು ಹ್ಯಾಂಗ ಆತು?" ಎಂದು ಜಗಳಕ್ಕೇ ಬಂದರು ಒಮ್ಮೆ. ಕಥೆಯೂ ಬೇಕು, ನೀರು ಸುರಿಯುವುದೂ ಬಿಡುವುದಿಲ್ಲ. ಮೈಯೆಲ್ಲ ಉರಿಯಿತು. ಆದರೆ ಆ ಸಿಟ್ಟಿನಲ್ಲೇ ಒಂದು ಉಪಾಯ ಹೊಳೆಯಿತು. ಮೊದಲ ಭಾಗ ಹೇಗೂ ಇವರ ತಲೆಯಲ್ಲಿ ಭದ್ರವಾಗಿದೆ. ಬರುವ ತಿಂಗಳು ಮೋಟಾರು ಕೆಟ್ಟಲ್ಲಿಂದ ಮುಂದಷ್ಟೇ ಬರೆದು, ಅದನ್ನೂ ಓದಿ ಕೇಳಿಸಿದರೆ ಮುಗಿಯಿತು! ಆಮೇಲೆ ಇವರನ್ನೇ ಕೇಳಿ ಕೇಳಿ ನಿಧಾನಕ್ಕೆ ಕಾಗದಕ್ಕೆ ಇಳಿಸಬಹುದು.

ಹೊಸ ಬಳಪ ತರಿಸಿಟ್ಟುಕೊಂಡು ಕಾದೆ. ದಿನ ಬಂತು, ನಾನು ಹೊರಗಾಗಲಿಲ್ಲ. ಇನ್ನೂ ಕೆಲವು ದಿನ ಹೋದವು. ನನಗಿಂತ ಮೊದಲು ಅತ್ತೆಯವರಿಗೇ ತಿಳಿಯಿತು. ಓಡಿ ಬಂದು ನನ್ನ ಬಾಯಿಗೆ ಸಕ್ಕರೆ ಹಾಕಿದರು.

"ಇನ್ನ ನೀ ಹೊರಗ ಕೂಡೂದಿಲ್ಲ ಬಿಡು! ಬಾಣಂತ್ಯಾಗೂ ಓದೂದು ಬರಿಯೂದು ಏನೂ ಇಲ್ಲ, ಕಣ್ಣು ಹೋಗ್ತಾವ."

ಸಕ್ಕರೆ ಬಾಯಲ್ಲಿರುವಾಗಲೇ ಗಳಗಳ ಅತ್ತುಬಿಟ್ಟೆ. ಕೂಸು ಬೇಡವಾಗಿರಲಿಲ್ಲ, ದೇವರಾಣೆ. ಇದ್ದ ಒಂದೇ ಬಾಗಿಲು ಮುಚ್ಚಿತು ಅನಿಸಿ ದುಃಖ ತಡೆಯಲಾಗಲಿಲ್ಲ. "ಚೊಚ್ಚಲ ಬಸರು ನೋಡು, ಹೆದರ್‍ಯಾಳ" ಎಂದು ಅವರು ಸೆರಗಿನಿಂದ ನನ್ನ ಮುಖ ಒರೆಸಿದರು.

ಬೀಸಿದರೆ ಹೆರಿಗೆ ಸಲೀಸು ಎಂದು ಬಸುರಿಯಾದ ಮೇಲೂ ಬೀಸುವುದು ತಪ್ಪಲಿಲ್ಲ. ಒಂದು ಮುಂಜಾನೆ ನಾನು ಬೀಸುತ್ತಿದ್ದೆ, ಅತ್ತೆಯವರು ಎದುರಿಗೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಒಮ್ಮೆಲೇ ಕೈ ನಿಲ್ಲಿಸಿ ಕೇಳಿದರು.

"ಅಲ್ಲಾ, ಆಕಿ ವಿಜಾಪುರಕ್ಕ ಹೋಗಿ ಮುಟ್ಟಿದ್ಲೇನು?"

"ಇಲ್ರಿ ಅತ್ಯಾರ. ಇನ್ನೂ ಮೋಟಾರಿನ್ಯಾಗ ಕೂತಾಳ್ರಿ."

"ಅಯ್ಯ ಪಾಪ, ಇಷ್ಟು ದಿನಾ! ಆಕೀಗೊಂದು ದಾರಿ ಮಾಡಿ ಕೊಡಬಾರದೇನು ನೀ? ಎಂಥಾ ಮನಸ್ಸವಾ ನಿಂದು!"

ನಿಜವಾಗಿಯೂ ಅವರ ಕಣ್ಣಲ್ಲಿ ನೀರು ಬಂದಿತ್ತು. ಸೆರಗಿನಿಂದ ಒರೆಸಿಕೊಂಡು, ಮೊರದಲ್ಲಿದ್ದ ಜೋಳವನ್ನೆಲ್ಲ ನನ್ನ ಮುಂದೆ ಸುರಿದು ಎದ್ದರು.

"ಇದಿಷ್ಟು ಬೀಸಿಬಿಡು" ಅಂದರು.