ಹುಬ್ಬಳ್ಳಿಯಿಂದ ಬರಬೇಕಿದ್ದ ಹೀಟರ್

ಮಿಸ್ತ್ರಿ ಕಾಕಾನ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ಅಲ್ಲಿನ ಚರ್ಮ ಬಿಳಿಚಿಕೊಂಡು, ಆರಿದ ಹಾಲಿನ ಕೆನೆಯಂತೆ ಸಣ್ಣಗೆ ಸುಕ್ಕುಗಟ್ಟಿತ್ತು. ಕೆಲಸ ಕಲಿಯುವ ಕಾಲದಲ್ಲಿ ಕುದಿಯುತ್ತಿದ್ದ ರೇಡಿಯೇಟರಿನ ಮುಚ್ಚಳ ತೆರೆದಿದ್ದರಂತೆ. ಗಿರಾಕಿಗಳು ಯಾರಾದರೂ ಅವಸರಪಟ್ಟು ಬಾನೆಟ್ಟಿನೊಳಗೆ ಕೈಹಾಕಿದರೆ ಆ ತೋಳನ್ನು ಮುಂದೆ ಚಾಚಿ, “ಮೊದಲ ಇದನ್ನ ನೋಡ್ರಿ, ಆಮ್ಯಾಲ ಕೈ ಹಾಕ್ರಿ” ಎನ್ನುತ್ತಿದ್ದರು.

ಯಲಬುರ್ಗಾದಿಂದ ಕೊಪ್ಪಳದ ಕಡೆಗೆ ಹೊರಟರೆ ಊರು ಮುಗಿಯುವಲ್ಲಿ ಅವರ ತಗಡಿನ ಶೆಡ್ಡು ಇತ್ತು. ನಮ್ಮ ಹಳೆಯ ಕಾರು ಅವರ ಕೈ ಬಿಟ್ಟು ಬೇರೆ ಕೈ ಕಂಡಿರಲಿಲ್ಲ. ಅವರ ರಿಪೇರಿಗೆ ಒಂದು ಕ್ರಮವಿತ್ತು. ಕೆಟ್ಟದ್ದನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡು, “ಇದು ನಮಗ ಬೇಕೇನ್ರಿ?” ಎಂದು ಕೇಳುತ್ತಿದ್ದರು. ಬೇಕು ಎಂದು ಹೇಳುವಷ್ಟು ತಿಳಿವಳಿಕೆ ಯಾರಿಗೂ ಇರುತ್ತಿರಲಿಲ್ಲ. ಹೀಗೆ ನಮ್ಮ ಕಾರಿನ ಹಿಂದಿನ ಗಾಜಿನ ವೈಪರ್ ಹೋಯಿತು, ಬಾಗಿಲು ತೆರೆದರೆ ಕೂಗುವ ಗಂಟೆ ಹೋಯಿತು.

“ನಿನ್ನ ಹಂತ್ಯಾಕ ಬಂದಾಗೊಮ್ಮೆ ಕಾರು ಹಗುರ ಆಗತೈತಿ ನೋಡಪಾ,” ಎಂದು ಅಪ್ಪ ಕೆಣಕುತ್ತಿದ್ದರು.

“ಸಾಮಾನು ಕಡಿಮಿ ಆದ್ರ ಕೆಡೂದೂ ಕಡಿಮಿ ಆಗತೈತ್ರಿ ಮಾಸ್ತರ,” ಎನ್ನುತ್ತಿದ್ದರು ಕಾಕಾ.

ಅಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪಕ್ಕದ ಮನೆಯ ಬೇವಿನ ಕಡ್ಡಿ ಮುರಿಯಬೇಕಾದರೂ ಬಾಗಿಲು ತಟ್ಟಿ ಕೇಳುವ ಸ್ವಭಾವ. ನಾನು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದ ವರ್ಷ ಅವರ ಎರಡೂ ಮೂತ್ರಪಿಂಡಗಳು ಸೋತವು. ಕೊಪ್ಪಳದ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಬೆಳಗಿನ ಮೊದಲ ಸರದಿ ಸಿಕ್ಕಿತು. ಹೊತ್ತು ಮೂಡುವ ಮೊದಲೇ ಮನೆ ಬಿಡಬೇಕು. ಕಾರು ನಡೆಸುವವಳು ನಾನು.

ನಮ್ಮ ಕಡೆಯ ಚಳಿ ದೊಡ್ಡ ಚಳಿಯಲ್ಲ. ಆದರೆ ಆ ಕಾಯಿಲೆಯವರಿಗೆ ಚಳಿ ಒಳಗಿನಿಂದಲೇ ಬರುತ್ತದೆ. ಕಂಬಳಿ, ಉಣ್ಣೆಯ ಟೋಪಿ, ಶಾಲು ಎಲ್ಲ ಹೊದ್ದರೂ ಕುಕನೂರು ದಾಟುವಷ್ಟರಲ್ಲಿ ಅಪ್ಪನ ಹಲ್ಲು ಕಟಕಟಿಸುವುದು ಕೇಳುತ್ತಿತ್ತು. ಮೊದಲ ಬಾರಿಗೆ ಹೀಟರಿನ ಗುಂಡಿ ಕೆಂಪು ಗೆರೆಯತ್ತ ತಿರುಗಿಸಿದೆ. ತಣ್ಣನೆಯ ಗಾಳಿ ಬಂತು. ಹಾಗೇ ಬರುತ್ತಲೇ ಇತ್ತು. ಡಿಸೆಂಬರಿನ ಒಂದು ನಸುಕಿನಲ್ಲಿ ಅಪ್ಪ ಮಂಚದಿಂದ ಏಳಲಿಲ್ಲ. “ಆ ಥಂಡಿ ಪೆಟ್ಟಿಗ್ಯಾಗ ನಾ ಕೂಡೂದಿಲ್ಲ. ಇವತ್ತ ಬ್ಯಾಡ,” ಎಂದರು. ಮರುದಿನ ಉಸಿರು ಕಟ್ಟಿ, ಕಾಲು ಬಾತು, ಅವರನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡಬೇಕಾಯಿತು. ಇನ್ನೊಂದು ಸಲ ತಪ್ಪಿಸಿದರೆ ಉಳಿಯುವುದು ಕಷ್ಟ ಎಂದು ವೈದ್ಯರು ನೇರವಾಗಿಯೇ ಹೇಳಿದರು.

ಅಪ್ಪನನ್ನು ಆಸ್ಪತ್ರೆಯಿಂದ ಕರೆತಂದ ಸಂಜೆ ಮಿಸ್ತ್ರಿ ಕಾಕಾ ಮನೆಗೇ ಬಂದರು. ರೇಡಿಯೇಟರಿನ ನೀರು ನೋಡಿದರು, ಸರಿಯಾಗಿತ್ತು. ಎಂಜಿನ್ ಚಾಲೂ ಮಾಡಿಸಿ ಬಿಸಿಯ ಮುಳ್ಳು ಏರುವುದನ್ನು ಕಾದರು, ಏರಿತು. ಫ್ಯಾನು ತಿರುಗುತ್ತಿತ್ತು. “ಥರ್ಮೋಸ್ಟಾಟ್ ಇರಬೇಕು,” ಎಂದು ಅದನ್ನೂ ಬಿಚ್ಚಿ ನಮ್ಮ ಅಡುಗೆಮನೆಯಲ್ಲಿ ಚಹಾದ ಪಾತ್ರೆಯಲ್ಲಿ ಕುದಿಸಿದರು. ಅದು ತೆರೆಯಬೇಕಾದಾಗ ತೆರೆಯಿತು. ಅವ್ವನಿಗೆ ಆ ಪಾತ್ರೆ ಹೋಯಿತಲ್ಲ ಎಂಬ ಸಂಕಟ. ಕೊನೆಗೆ ಕಾಕಾ ಟಾರ್ಚ್ ಹಿಡಿದು ಎಂಜಿನ್ನಿನ ಹಿಂಬದಿಗೆ ಬಗ್ಗಿದರು. ಅಲ್ಲಿಂದ ಎರಡು ರಬ್ಬರ್ ಪೈಪುಗಳು ಬಿಸಿನೀರನ್ನು ಹೊತ್ತು ಡ್ಯಾಶ್‌ಬೋರ್ಡಿನ ಹಿಂದಿರುವ ಒಂದು ಪುಟ್ಟ ರೇಡಿಯೇಟರಿಗೆ ಹೋಗಿ ಬರಬೇಕು. ಅದನ್ನು ಹಾಯ್ದೇ ಗಾಳಿ ಬೆಚ್ಚಗಾಗುವುದು. ಅಲ್ಲಿ ಪೈಪು ಒಂದೇ ಇತ್ತು. ಎಂಜಿನ್ನಿನಿಂದ ಹೊರಟು, ಬಾಗಿ, ಮತ್ತೆ ಎಂಜಿನ್ನಿಗೇ ಸೇರಿತ್ತು.

ಕಾಕಾ ಟಾರ್ಚ್ ಆರಿಸಿದರು.

“ಏನಾಗೇತಿ ಕಾಕಾ?”

“ಇದು ನಾನ ಮಾಡಿದ್ದು ತಂಗಿ. ಒಳಗಿಂದು ಸೋರಿ ಕಾಲಾಗ ನೀರು ಬೀಳತಿತ್ತು. ಎಂದೋ ತಗದು ಒಗದು ಮರತಿದ್ದೆ. ನಮ್ಮ ಬಿಸಲಾಗ ಹೀಟರ್ ಯಾರಿಗಿ ಬೇಕಂತ…” ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತಿದ್ದ ಅಪ್ಪನ ಕಡೆ ಅವರು ನೋಡಲಿಲ್ಲ.

ಅವರೊಬ್ಬರ ತಪ್ಪಾಗಿರಲಿಲ್ಲ. ನಮ್ಮ ಸೀಮೆಯ ಎಷ್ಟೋ ಮಿಸ್ತ್ರಿಗಳು ಹೀಗೆಯೇ ಮಾಡುತ್ತಾರೆ, ಯಾವ ಗಿರಾಕಿಯೂ ಕೇಳುವುದಿಲ್ಲ. ನಾನು ಅದನ್ನು ಹೇಳಿದೆ. ಅವರಿಗೆ ಕೇಳಿಸಿದಂತೆ ಕಾಣಲಿಲ್ಲ. “ಮಾಸ್ತರ, ಹುಬ್ಬಳ್ಳಿ ಗುಜರಿಯಾಗ ಸಿಗತೈತಿ. ನಾ ತರಸ್ತೀನ್ರಿ,” ಎಂದು ಗೋಡೆಗೆ ಹೇಳಿದಂತೆ ಹೇಳಿ ಹೊರಟರು.

ಮುಂದಿನ ಸರದಿಯ ಹಿಂದಿನ ಸಂಜೆ ಕಾರು ಸಿದ್ಧವಾಯಿತು. ನಸುಕಿನಲ್ಲಿ ಅಪ್ಪನ ಮೊಣಕಾಲಿಗೆ ಬೆಚ್ಚನೆಯ ಗಾಳಿ ತಾಕಿತು. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ಮಿಸ್ತ್ರಿ ಮೊದಲ ಸಲ ಕಾರಿಗಿ ಒಂದು ಸಾಮಾನು ಕೂಡಿಸ್ಯಾನ ನೋಡು,” ಎಂದು ನಕ್ಕರು. ಇಟಗಿಯ ಕಡೆ ತಿರುಗುವ ದಾರಿ ಬರುವಷ್ಟರಲ್ಲಿ ನಿದ್ದೆ ಹೋಗಿದ್ದರು.

ಆ ವಾರವೇ ಗಾಲಿಗೆ ಗಾಳಿ ಹಾಕಿಸಲು ಶೆಡ್ಡಿಗೆ ಹೋದೆ. ಒಳಗೆ ನಮ್ಮದೇ ಮಾದರಿಯ ಇನ್ನೊಂದು ಕಾರು ನಿಂತಿತ್ತು, ಕುಷ್ಟಗಿಯ ದಾಳಿಂಬೆ ವ್ಯಾಪಾರಿಯದು. ಎಂಜಿನ್ ಕೆಲಸಕ್ಕೆಂದು ಬಿಟ್ಟುಹೋಗಿದ್ದರು. ಬಾನೆಟ್ ತೆರೆದೇ ಇತ್ತು. ನನಗೆ ಈಗ ಎಲ್ಲಿ ನೋಡಬೇಕೆಂದು ಗೊತ್ತಿತ್ತು. ಹೊಸ ರಬ್ಬರ್ ಪೈಪೊಂದು ಎಂಜಿನ್ನಿನಿಂದ ಹೊರಟು ಮತ್ತೆ ಎಂಜಿನ್ನಿಗೇ ಬಾಗಿತ್ತು.

“ಕಾಕಾ, ಇದರ ಹೀಟರ್ ಎಲ್ಲೈತಿ?”

ಅವರು ಕೈ ಒರೆಸಿಕೊಳ್ಳುತ್ತಲೇ ಇದ್ದರು. “ನಿನಗ ಗೊತ್ತೈತಲ್ಲ, ಯಾಕ ಕೇಳತಿ? ಹುಬ್ಬಳ್ಳಿಯಂವ ಇವತ್ತ ನಾಳೆ ಅನ್ನಾಕತ್ತಾನ. ಮಾಸ್ತರಗ ಇವತ್ತ ನಾಳೆ ಅನ್ನಾಕ ಬರತೈತೇನು? ಆ ಮಾಲು ಬಂದ ಕೂಡ್ಲೆ ಇದಕ್ಕ ಹಾಕಿಬಿಡ್ತೀನಿ.”

“ಅವರಿಗೆ ಏನು ಹೇಳೀರಿ?”

“ಸೋರತಿತ್ತು, ಬಂದ್ ಮಾಡೀನಿ ಅಂದೆ.” ಆಮೇಲೆ ದನಿ ತಗ್ಗಿಸಿದರು. “ನಿಮ್ಮಪ್ಪಗ ಹೇಳಬ್ಯಾಡವ್ವಾ. ನಡು ದಾರ್‍ಯಾಗ ಇಳದು ನಿಂತ ಬಿಡ್ತಾರ.”

ಅದು ನಿಜ. ಅಪ್ಪ ಇಳಿದುಬಿಡುತ್ತಿದ್ದರು. ಮತ್ತೆಂದೂ ಹತ್ತುತ್ತಿರಲಿಲ್ಲ. ಮಾರನೆಯ ನಸುಕಿನಲ್ಲಿ ನಾನೇ ಗುಂಡಿಯನ್ನು ಕೆಂಪು ಗೆರೆಯತ್ತ ತಿರುಗಿಸಿದೆ.

ಹುಬ್ಬಳ್ಳಿಯಿಂದ ಏನೂ ಬರಲಿಲ್ಲ. ಆ ಮಾದರಿಯ ಕಾರು ತಯಾರಾಗುವುದೇ ನಿಂತಿತ್ತು. ಅಂದಿನಿಂದ ಕಾಕಾ ಸ್ವಲ್ಪ ಬದಲಾದರು. ಯಾರಿಗೂ “ಇದು ನಮಗ ಬೇಕೇನ್ರಿ?” ಎಂದು ಕೇಳಿದ್ದನ್ನು ನಾನು ಮತ್ತೆ ಕಾಣಲಿಲ್ಲ. ಆ ವ್ಯಾಪಾರಿ ಬಂದರೆ ಕೇಳದಿದ್ದರೂ ಅವರ ಕಾರನ್ನು ತೊಳೆದು, ಕನ್ನಡಿ ಉಜ್ಜಿ, ಕೊನೆಗೆ ಇನ್ನಾವುದೋ ವಾಹನದ ಅಡಿಗೆ ನುಸುಳಿ, ಅವರು ಹೋಗುವವರೆಗೆ ಹೊರಬರುತ್ತಿರಲಿಲ್ಲ. ಹೊರಗೆ ಅವರ ಎರಡು ಪಾದಗಳಷ್ಟೇ ಕಾಣುತ್ತಿದ್ದವು. ಒಮ್ಮೆ ಆ ವ್ಯಾಪಾರಿ ನನ್ನತ್ತ ತಿರುಗಿ, “ಮಿಸ್ತ್ರಿ ನನಗ ಭಾಳ ಮರ್ಯಾದಿ ಕೊಡತಾನ್ರಿ,” ಎಂದರು. ನಾನು ಮೊಬೈಲು ನೋಡುತ್ತಿರುವವಳಂತೆ ನಿಂತೆ.

ಅಪ್ಪ ಆ ಚಳಿಗಾಲ ಕಳೆದರು, ಮುಂದಿನದನ್ನೂ ಕಳೆದರು. ಬೇಸಿಗೆಯಲ್ಲಿ ಹೋದರು. ಕಾರ್ಯಗಳೆಲ್ಲ ಮುಗಿದ ಮೇಲೆ ಕಾಕಾ ಬಂದು ಹೊಸ್ತಿಲಲ್ಲೇ ನಿಂತು ಹೇಳಿದರು: “ಕಾರು ಶೆಡ್ಡಿಗಿ ತಂದು ಬಿಡವ್ವಾ. ಆ ದಾಳಿಂಬೆಯವರ ಮಾಲು ಅವರಿಗಿ ಹಾಕಿ ಬಿಡೂಣು. ಎದಿ ಮ್ಯಾಲ ಕುಂತಂಗ ಆಗೇತಿ.”

“ಬಿಡ್ತೀನಿ ಕಾಕಾ,” ಎಂದೆ. ಬಿಡಲಿಲ್ಲ. ಡ್ಯಾಶ್‌ಬೋರ್ಡ್ ಬಿಚ್ಚಬೇಕಾದರೆ ಮುಂದಿನ ಸೀಟು ತೆಗೆಯಬೇಕು. ಅಪ್ಪ ಕುಳಿತ ಸೀಟಿನಲ್ಲಿ ಅವರ ಕಂಬಳಿಯ ನೂಲು ಇನ್ನೂ ಅಂಟಿಕೊಂಡಿತ್ತು. ಶ್ರಾವಣದಲ್ಲಿ ಕಾಕಾ ಮತ್ತೊಮ್ಮೆ ಕೇಳಿದರು. ನಾನು ಪಾಠ ಮಾಡುವ ಕಾಲೇಜಿನ ಪರೀಕ್ಷೆಯ ಪೇಪರು ತಿದ್ದುವುದಿದೆ ಎಂದೆ. ನನ್ನ ಮುಖ ನೋಡಿದರು. ಆಮೇಲೆ ಕೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಶೆಡ್ಡಿನಲ್ಲೇ, ಸ್ಟೂಲಿನ ಮೇಲೆ ಕುಳಿತಲ್ಲೇ ಅವರ ಎದೆಬಡಿತ ನಿಂತಿತು.

ಮಾತಾಡಿಸಿಕೊಂಡು ಬರಲು ಅವರ ಮನೆಗೆ ಹೋದೆ. ಅಂಗಳದ ಜಮಖಾನೆಯ ಮೇಲೆ ಹತ್ತಾರು ಜನ. ದಾಳಿಂಬೆ ವ್ಯಾಪಾರಿ ಕಾಕಾನ ಹೆಂಡತಿಯ ಎದುರು ಕುಳಿತು ಹೇಳುತ್ತಿದ್ದರು: “ಇಂಥ ಪ್ರಾಮಾಣಿಕ ಮನುಷ್ಯಾ ಸಿಗೂದಿಲ್ಲ ಬಿಡ್ರಿ. ಬ್ಯಾರೆಯವರಾಗಿದ್ರ ಆ ಹೀಟರ್ ಸೋರೂದನ್ನ ಮುಚ್ಚಿ ಇಡತಿದ್ರು. ಇಂವ ಹೇಳಿದ. ಅದೊಂದು ಹಾಕಸೂದು ಉಳೀತು ನೋಡ್ರಿ. ನಸುಕಿನ್ಯಾಗ ಮಾರ್ಕೆಟ್ಟಿಗಿ ಹೋಗಬೇಕಾದ್ರ ಗಾಜಿಗಿ ಮಬ್ಬು ಹಿಡೀತೈತಿ. ಒಂದು ಕೈಯಾಗ ಸ್ಟೇರಿಂಗು, ಒಂದು ಕೈಯಾಗ ಬಟ್ಟಿ.”

ಕಾಕಾನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡು ತಲೆಯಾಡಿಸಿದರು. ಗಂಡನ ಬಗ್ಗೆ ಬಂದ ಆ ಒಳ್ಳೆಯ ಮಾತನ್ನು ಅವರು ಎರಡೂ ಕೈಯಲ್ಲಿ ಹಿಡಿದುಕೊಂಡಂತಿತ್ತು. ಅದನ್ನು ಕಸಿಯುವ ಧೈರ್ಯ ನನಗಾಗಲಿಲ್ಲ.

ಹೊರಗೆ ಬಂದ ಮೇಲೆ ವ್ಯಾಪಾರಿಯನ್ನು ನಿಲ್ಲಿಸಿದೆ. “ನಮ್ಮ ಕಾರಿನ ಹೀಟರು ಸುಮ್ಮನೆ ಐತ್ರಿ. ಅಪ್ಪ ಹೋದ ಮ್ಯಾಲ ಬೇಕಾಗಿಲ್ಲ. ನಿಮ್ಮ ಕಾರಿಗೆ ಹೊಂದತೈತಿ, ತಗೋರಿ.”

ಕೊಪ್ಪಳದ ಇನ್ನೊಬ್ಬ ಮಿಸ್ತ್ರಿ ಅದನ್ನು ಬಿಚ್ಚಿ ಅವರ ಕಾರಿಗೆ ಹಾಕಿದ. ಆ ವಾರವೇ ನಮ್ಮ ಮನೆಗೆ ದೊಡ್ಡ ದೊಡ್ಡ ದಾಳಿಂಬೆಯ ಪೆಟ್ಟಿಗೆ ಬಂತು. ಹಿಂದೆಯೇ ಫೋನು.

“ತಂಗೀ, ಇಂಥಾ ಕಾಲದಾಗ ಹಿಂಗ ಯಾರು ಕೊಡತಾರ ಹೇಳ್ರಿ? ಗಾಜು ಫಳಫಳ ಅಂತೈತಿ. ಮಾಸ್ತರ ಮಗಳು ಅನ್ನೂದು ತೋರಿಸಿಬಿಟ್ರಿ.”

ನಾನು ಹೂಂ ಎಂದೆ. ಅವ್ವ ಆಗಲೇ ಹಣ್ಣು ಒಡೆದು ಕಾಳು ಬಿಡಿಸುತ್ತಿದ್ದಳು.

“ಮಿಸ್ತ್ರಿ ಇದ್ದಿದ್ರ, ಆ ಹೀಟರ್ ನನ್ನ ಗಾಡ್ಯಾಗ ನೋಡಿ ಭಾಳ ಖುಷಿ ಪಡತಿದ್ದ ಅಲ್ರಿ?”

“ಹೌದ್ರಿ,” ಎಂದೆ.

ನಾನು ಅವರಿಗೆ ಹೇಳಿದ ನಿಜ ಅದೊಂದೇ.