ಶಿವಗಂಗಾಳ ಹೂಂ

ಯಾರಾದರೂ ಮಾತಾಡುವಾಗ ಶಿವಗಂಗಾ ನಡುನಡುವೆ "ಹೂಂ" ಅನ್ನುತ್ತಾಳೆ. ಲಿಂಗಸುಗೂರು ಕಡೆಯ ಅವಳ ಊರಿನಲ್ಲಿ ಅಜ್ಜಿ ಮಲಕವ್ವ ಕತೆ ಹೇಳುವಾಗ ಹೂಂಗುಟ್ಟುವವರು ಸುಮ್ಮನಾದರೆ ಕತೆಯೂ ಅಲ್ಲೇ ನಿಲ್ಲುತ್ತಿತ್ತಂತೆ. ಆ ಅಭ್ಯಾಸ ಕಾಡುಗೋಡಿಯ ಬಾಡಿಗೆ ರೂಮಿಗೂ ಬಂದಿದೆ. ಮನೆಯ ಒಡತಿ ವಸಂತಮ್ಮ ಅವರೆಕಾಯಿ ಬಿಡಿಸುತ್ತಾ, ಈಗ ಅಪಾರ್ಟ್‌ಮೆಂಟ್ ಎದ್ದಿರುವಲ್ಲಿ ತಾವು ರಾಗಿ ಕೊಯ್ದ ಕಾಲವನ್ನು ಅವಳಿಗೇ ಹೇಳುತ್ತಾರೆ. "ನಮ್ ಸೊಸೆ ಫೋನ್ ನೋಡ್ಕೊಂಡು ತಲೆ ಆಡ್ಸ್ತಾಳೆ. ಈ ಹುಡ್ಗಿ ಅಂಗಲ್ಲ" ಎಂದು ನನ್ನೆದುರೇ ಹೊಗಳಿದ್ದಾರೆ.

ವೈಟ್‌ಫೀಲ್ಡಿನ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿ ಅವಳದು. ನಮ್ಮದು ಕರ್ನಲ್ ಕೆಲಸ. ಕಂಪ್ಯೂಟರಿನ ಯಾವ ಕೆಲಸಕ್ಕೆ ಯಾವಾಗ ಸರದಿ ಎಂದು ತೀರ್ಮಾನಿಸುವ ಒಳಗಿನ ತಂತ್ರಾಂಶವೇ ಕರ್ನಲ್. ಅದರೊಳಗೆ ನಡೆದದ್ದನ್ನು ಆಗಿಂದಾಗಲೇ ದಾಖಲಿಸುವ ಸೌಲಭ್ಯಕ್ಕೆ ಟ್ರೇಸಿಂಗ್ ಎನ್ನುತ್ತೇವೆ. ಅದಕ್ಕೊಂದು ಸ್ವಿಚ್, ಆನ್ ಮಾಡಿದರೆ ದಾಖಲೆ ಶುರು.

ಕೆಲಸಕ್ಕೆ ಸೇರಿದ ಮೇಲೆ ಶಿವಗಂಗಾ ಸ್ವಂತವಾಗಿ ಬರೆದ ಮೊದಲ ಟೆಸ್ಟ್, ಅಂದರೆ ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಪುಟ್ಟ ಪ್ರೋಗ್ರಾಂ, ಈ ಸ್ವಿಚ್ಚಿನದು. ಆನ್ ಮಾಡು, ಕೂಡಲೇ ಒಂದು ಫೈಲ್ ತೆರೆ, ತೆರೆದದ್ದು ದಾಖಲಾಯಿತೇ ನೋಡು. ಆದರೆ ಅದು ಒಮ್ಮೊಮ್ಮೆ ಪಾಸಾಗುತ್ತಿತ್ತು, ಒಮ್ಮೊಮ್ಮೆ ಸುಮ್ಮಸುಮ್ಮನೆ ಫೇಲಾಗುತ್ತಿತ್ತು.

ನಮ್ಮ ತಂಡದ ಮುಖ್ಯಸ್ಥ ನಂದೀಶ್, ವರ್ತೂರಿನವರು. ಮೀಟಿಂಗಿನಲ್ಲಿ ಅವಳಿಗೆ ವಿವರಿಸಿದರು: "ಸ್ವಿಚ್ ಆನ್ ಆಯ್ತು ಅಂತ ಕರ್ನಲ್ಲೇ ಉತ್ತರ ಕೊಡ್ತಿದೆ. ಹಂಗಾದ್ರೆ ತಪ್ಪು ನಿಮ್ ಟೆಸ್ಟಲ್ಲೇ ಇರ್ಬೇಕು."

"ಹೂಂರೀ."

"ಇಂಥ ಟೆಸ್ಟ್ ಇಟ್ಕೊಂಡ್ರೆ ನಾಳೆ ನಿಜವಾದ ಫೇಲನ್ನೂ ಯಾರೂ ನಂಬಲ್ಲ."

"ಹೂಂರೀ."

"ತೆಗೆದ್ಬಿಡೋಣ."

"ಹೂಂರೀ."

ಊಟ ಮುಗಿಸಿ ಬಂದು ನೋಡಿದರೆ ತಂಡದ ಕೋಡಿನಲ್ಲಿ ಆ ಟೆಸ್ಟ್ ಇರಲಿಲ್ಲ. ಶಿವಗಂಗಾ ನೆಟ್ಟಗೆ ನಂದೀಶರ ಮೇಜಿಗೆ ನಡೆದಳು. ಜಗಳವಾದರೆ ಬಿಡಿಸೋಣವೆಂದು ನಾನೂ ಹಿಂದೆ ಹೋದೆ.

"ಸರ, ನನ್ನ ಟೆಸ್ಟ್ ಯಾಕ್ ತಗದ್ರಿ?"

"ನೀವೇ ಹೂಂ ಹೂಂ ಅಂದ್ರಲ್ಲ ಕಣ್ರೀ! ಇವ್ರೂ ಕೇಳಿಸ್ಕೊಂಡಿದ್ದಾರೆ" ಎಂದು ನಂದೀಶ್ ನನ್ನತ್ತ ಕೈ ತೋರಿಸಿದರು.

"ಹೂಂ ಅಂದ್ರ ನೀವು ಹೇಳೂದು ಕೇಳಾಕತ್ತೀನಿ ಅಂತ್ರಿ. ಒಪ್ಪೀನಿ ಅಂತ ಅಲ್ಲ! ನೀವು ಮುಗಸಿದ ಮ್ಯಾಲೆ ಹೇಳೂಣು ಅಂತಿದ್ದೆ, ಎದ್ದು ಹೋಗೇಬಿಟ್ರಿ."

"ನಮ್ ಕಡೆ ಹೂಂ ಅಂದ್ರೆ ಮುಗೀತು. ಹೆಣ್ಣು ಕೇಳೋಕ್ ಹೋದಾಗ ಹಿಂಗೆ ಹೂಂ ಅಂದಿದ್ರೆ ಛತ್ರ ಬುಕ್ ಮಾಡ್ಬಿಡೋರು!"

ಹಾಗೆಂದು ಅವರೇ ನಕ್ಕರು, ನನಗೂ ನಗು ತಡೆಯಲಾಗಲಿಲ್ಲ. ಶಿವಗಂಗಾ ಮಾತ್ರ ನಗಲಿಲ್ಲ. ಪರದೆಯತ್ತ ನೋಡುತ್ತಾ ನಿಧಾನವಾಗಿ ಅಂದಳು: "ಸರ, ಕರ್ನಲ್ಲೂ ನನ್ನಂಗ ಬರೇ ಹೂಂ ಅನ್ನಾಕತ್ತಿದ್ರ? ಆನ್ ಮಾಡು ಅಂದದ್ದು ಕೇಳಸ್ತು ಅಂತ ಅಷ್ಟ? ಮಾಡೂದು ಇನ್ನೂ ಬಾಕಿ ಇದ್ರ?"

ನಂದೀಶರ ನಗು ಅರ್ಧಕ್ಕೆ ನಿಂತಿತು. "ಬನ್ನಿ, ಕೂತ್ಕೊಳಿ" ಎಂದು ಪಕ್ಕದ ಕುರ್ಚಿ ಎಳೆದರು.

ಮೂವರೂ ಕೋಡ್ ಓದತೊಡಗಿದೆವು. ಟೀ ಹೊತ್ತಿಗೆ ಆ ಸಾಲು ನಂದೀಶರ ಕಣ್ಣಿಗೇ ಬಿತ್ತು. ಕರ್ನಲ್ ಮೊದಲು "ಆನ್" ಎಂದು ಬರೆದು ಉತ್ತರ ಕೊಟ್ಟುಬಿಡುತ್ತಿತ್ತು; ದಾಖಲಿಸುವ ವ್ಯವಸ್ಥೆಯನ್ನು ಎಬ್ಬಿಸುವುದು ಆಮೇಲೆ. ಆ ರೆಪ್ಪೆ ಬಡಿಯುವಷ್ಟು ಸಂದಿನಲ್ಲಿ ತೆರೆದ ಫೈಲ್ ಯಾರ ಲೆಕ್ಕಕ್ಕೂ ಸಿಗುತ್ತಿರಲಿಲ್ಲ.

"ಈ ಸಾಲು ಬರ್ದೋನು ನಾನೇ ಕಣ್ರೀ" ಎಂದು ಅವರು ಹಣೆ ಚಚ್ಚಿಕೊಂಡರು.

"ಹೂಂರೀ" ಅಂದಳು ಶಿವಗಂಗಾ. ಈ ಸಲ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಎಬ್ಬಿಸುವ ಕೆಲಸ ಮುಗಿದ ಮೇಲೆಯೇ ಉತ್ತರ ಕೊಡುವಂತೆ ಅವಳ ಕೈಯಿಂದಲೇ ತಿದ್ದಿಸಿದರು. ಅವಳ ಬಳಿ ಉಳಿದಿದ್ದ ಪ್ರತಿಯಿಂದ ಮರುದಿನ ಸಂಜೆಯವರೆಗೂ ಆ ಟೆಸ್ಟನ್ನು ಬಿಡದೆ ಓಡಿಸಿದೆವು. ಒಮ್ಮೆಯೂ ಫೇಲಾಗಲಿಲ್ಲ.

ಶಿವಗಂಗಾ ಕ್ಯಾಬಿಗೆ ಹೊರಡುವ ಹೊತ್ತಿಗೆ ನಂದೀಶ್ ಕೂತಲ್ಲಿಂದಲೇ ಕೂಗಿದರು: "ನಿಮ್ ಟೆಸ್ಟ್ ವಾಪಸ್ ಹಾಕ್ದೆ. ಖುಷಿನಾ?"

ಹೂಂ ಬರುತ್ತದೆಂದು ನಾನು ಕಾದೆ. ಅವಳು ಬ್ಯಾಗನ್ನು ಕೆಳಗಿಟ್ಟು ಮತ್ತೆ ಕಂಪ್ಯೂಟರ್ ತೆರೆದಳು.

"ತಡೀರಿ ಸರ, ಹಾಕಿದ್ದು ಕಾಣ್ಲಿ. ಆಮ್ಯಾಲೆ ಹೇಳ್ತೀನಿ."