ಗುಂಗುರು ಕಿವಿಗೊಂದು ಕುಲಾವಿ

ಹೋದ ತಿಂಗಳು ಸಾಗರದಲ್ಲಿ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದೆ. ಮಳೆಗೆ ನೆಂದ ನಾಯಿಯೊಂದು ಪಕ್ಕಕ್ಕೆ ಬಂದು ಮೈ ಕೊಡವಿತು. ಒದ್ದೆ ಕಂಬಳಿಯ ವಾಸನೆ. ತಿರುಗಿ ನೋಡಿದರೆ ಜೋಲು ಕಿವಿಯ ತುಂಬ ಗುಂಗುರು ಕೂದಲು… ನನ್ನ ಬಾಯಿಂದ "ರೂಬಿ" ಎಂದು ಬಂದೇಬಿಟ್ಟಿತು. ಅದರ ಯಜಮಾನ ನಕ್ಕು, "ಇಲ್ಲಜ್ಜಿ, ಇವನ ಹೆಸರು ಬೇರೆ" ಎಂದ. ಕನ್ನಡಕ ಇಟ್ಟ ಜಾಗ ದಿನಾ ಮರೆಯುವ ನನಗೆ ಅರವತ್ತು ವರ್ಷದ ಹಿಂದಿನ ನಾಯಿಯ ಹೆಸರು ಮಾತ್ರ ನೆನಪಿದೆ. ಎಂಥ ನ್ಯಾಯವೋ!

ರೂಬಿ ನಮ್ಮ ಪಕ್ಕದ ಮನೆಯ ಅಕ್ಕನ ನಾಯಿ. ಅರವತ್ತರ ದಶಕದ ನಡುವಿನ ಮಾತು. ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ನಮ್ಮ ಯಜಮಾನರು ಹೊಸನಗರದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಕಚೇರಿಯ ಹಿಂದಿನ ಸಾಲುಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ ಇದ್ದೆವು. ಗೋಡೆಯಾಚೆ ರಸ್ತೆ ಓವರ್‌ಸಿಯರರ ಮನೆ. ಅವರ ಹೆಂಡತಿ ತೀರ್ಥಹಳ್ಳಿ ಕಡೆಯವರು. ನಾನು ಅಕ್ಕ ಎನ್ನುತ್ತಿದ್ದೆ. ಮದುವೆಯಾಗಿ ಹನ್ನೆರಡು ವರ್ಷವಾದರೂ ಅಕ್ಕನಿಗೆ ಮಕ್ಕಳಿರಲಿಲ್ಲ.

ಊರು ಬಿಟ್ಟು ಹೊರಟಿದ್ದ ಕಾಫಿ ತೋಟದ ಬಿಳಿ ದೊರೆಯೊಬ್ಬ ಓವರ್‌ಸಿಯರರಿಗೆ ಕೊಟ್ಟುಹೋದ ಮರಿ ಈ ರೂಬಿ. ಜೇನಿನ ಬಣ್ಣ, ಗಿಡ್ಡ ಕಾಲು, ಗಂಜಿ ಕುಡಿಯುವಾಗ ತಟ್ಟೆಗೆ ಅದ್ದುವಷ್ಟು ಉದ್ದದ ಕಿವಿ. ಊರವರೆಲ್ಲ ಕುರಿನಾಯಿ ಎನ್ನುತ್ತಿದ್ದರು. ಅಕ್ಕನಿಗೆ ಸಿಟ್ಟು ಬರುತ್ತಿತ್ತು. "ಕುರಿ ಅಲ್ಲ, ಕಾಕರ್ ಸ್ಪ್ಯಾನಿಯಲ್!" ಎಂದು ತಿದ್ದಿ, ದೊರೆಯೇ ಕೊಟ್ಟ ಪುಸ್ತಕದಲ್ಲಿ ಅದರ ದಾಯಾದಿಗಳನ್ನೆಲ್ಲ ತೋರಿಸುತ್ತಿದ್ದರು. ಸ್ಪ್ರಿಂಗರ್ ಅಂತೆ, ಕೆರೆಗಿಳಿದು ಬಾತುಕೋಳಿ ಕಚ್ಚಿಕೊಂಡು ಬರುವ ಐರಿಷ್ ಜಾತಿಯಂತೆ, ಮೈಯೆಲ್ಲ ಗುಂಗುರಿನ ಪೂಡಲ್ ಅಂತೆ… ಎಲ್ಲದಕ್ಕೂ ಕಿವಿಯದೇ ಚಂದ, ಕಿವಿಯದೇ ಕಷ್ಟ ಎನ್ನುತ್ತಿದ್ದರು. ಸಂಜೆ ಜಗುಲಿಯಲ್ಲಿ ರೂಬಿಯನ್ನು ತೊಡೆಗೆ ಒರಗಿಸಿಕೊಂಡು, ಮಗಳ ತಲೆ ಬಾಚುವಂತೆ ಅದರ ಕಿವಿಯನ್ನು ಹಣಿಗೆಯಲ್ಲಿ ಬಾಚುತ್ತಿದ್ದರು. ನಮ್ಮ ಅತ್ತೆ ಮಹಾ ಮಡಿಯವರು. ನಾಯಿಯ ಬಾಲ ಸೋಕಿದರೂ ಸೀದಾ ಬಚ್ಚಲಿಗೆ ನಡೆಯುತ್ತಿದ್ದರು.

ಮಳೆಗಾಲ ಹಿಡಿದಾಗ ಉಂಬಳದ, ಅಂದರೆ ಕಾಡು ಜಿಗಣೆಯ, ಕಾಟ ಶುರುವಾಯಿತು. ನಮ್ಮ ಕಾಲಿಗೆ ಹತ್ತಿದರೆ ಕಾಣುತ್ತದೆ, ಸುಣ್ಣ ಹಚ್ಚಿ ಕೀಳಬಹುದು. ಆ ಗುಂಗುರಿನೊಳಗೆ ಹೊಕ್ಕ ಉಂಬಳ ರಕ್ತ ಕುಡಿದು ತಾನಾಗಿ ಉದುರುವವರೆಗೂ ಗೊತ್ತೇ ಆಗುತ್ತಿರಲಿಲ್ಲ. ರೂಬಿಯ ಕಿವಿ ಹುಣ್ಣಾಗಿ ಬಾತಿತ್ತು.

ಒಂದು ಬೆಳಿಗ್ಗೆ ಅಕ್ಕ ಕೆಂಪು ಫ್ಲಾನೆಲ್ ಬಟ್ಟೆ, ಅಳತೆಗೆಂದು ಒಂದು ದಾರ ತಂದು ನನ್ನ ಹೊಲಿಗೆ ಮಿಷನ್ನಿನ ಮೇಲಿಟ್ಟರು. "ಒಂದು ಕುಲಾವಿ ಹೊಲ್ಕೊಡ್ತೀಯೇನೆ? ಕಿವಿ ಹತ್ರ ಸ್ವಲ್ಪ ಸಡ್ಲ ಇರ್ಲಿ. ಯಾರಿಗೂ ಹೇಳ್ಬೇಡ ಮಾರಾಯ್ತಿ, ನಗ್ತಾರೆ" ಎಂದು ಹೋದರು. ಕುಲಾವಿಯೆಂದರೆ ಕೂಸಿನ ಟೊಪ್ಪಿ. ಯಾರಿಗೆ ಎಂದು ನಾನು ಕೇಳಲಿಲ್ಲ. ಅಳತೆ ದೊಡ್ಡದೆನಿಸಿತು; ಕೂಸು ಬೆಳೆದ ಮೇಲೂ ಆಗಲಿ ಎಂದಿರಬೇಕು ಎಂದುಕೊಂಡೆ. ಬಾಯಿ ತಡೆಯದೆ ಅತ್ತೆಯ ಹತ್ತಿರ ಹೇಳಿಯೂಬಿಟ್ಟೆ. "ಕುಲಾವಿ ಅಂದ್ರೆ ಮತ್ತೆಂತ ಇರ್ತು? ಬಾಯಿ ಬಿಟ್ಟು ಕೇಳಡ, ದೃಷ್ಟಿ ಆಗ್ತು" ಎಂದ ಅತ್ತೆ, ತಾವೇ ಹೋಗಿ ಸಾಲುಮನೆಗೆಲ್ಲ ಹೇಳಿ ಬಂದರು.

ಬಸುರಿಗೆ ಬಯಕೆಯ ಅಡುಗೆ ಒಯ್ದು ಬಡಿಸುವುದು ನಮ್ಮ ಕಡೆಯ ಪದ್ಧತಿ. ಹನ್ನೆರಡು ವರ್ಷದ ಮೇಲೆ ಬಂದ ಬಯಕೆ ಬೇರೆ. ಕುಲಾವಿ ಕೊಟ್ಟ ನಾಲ್ಕನೇ ದಿನ ಅತ್ತೆಯೂ ಸೇರಿ ನಾವು ಐದು ಜನ ಹೆಂಗಸರು ಕಡುಬು, ಕಜ್ಜಾಯ, ಅಪ್ಪೆಮಿಡಿ ಉಪ್ಪಿನಕಾಯಿ, ಒಂದು ಡಜನ್ ಹಸಿರು ಬಳೆ ಹಿಡಿದು ಅಕ್ಕನ ಬಾಗಿಲು ತಟ್ಟಿದೆವು. ಅಕ್ಕ ಬಾಗಿಲು ತೆಗೆದರು. ಅವರ ಹಿಂದೆಯೇ ರೂಬಿ ಬಾಲ ಅಲ್ಲಾಡಿಸುತ್ತ ಬಂದಳು. ತಲೆಯ ಮೇಲೆ ಕೆಂಪು ಕುಲಾವಿ, ಗದ್ದದ ಕೆಳಗೆ ಲಾಡಿಯ ಗಂಟು, ಗುಂಗುರು ಕಿವಿ ಎರಡೂ ಒಳಗೆ ಭದ್ರ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬುದನ್ನು ಗಾದೆಯಲ್ಲಿ ಕೇಳಿದ್ದೆ. ಹೊಲಿದವಳು ನಾನೇ ಆಗಿದ್ದೆ. ಅಕ್ಕ ಪಾತ್ರೆಗಳನ್ನು ನೋಡಿದರು, ಬಳೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎಲ್ಲ ಅರ್ಥವಾಯಿತು ಅವರಿಗೆ. ಹನ್ನೆರಡು ವರ್ಷ ಊರವರು ಕೇಳಿದ ಪ್ರಶ್ನೆಯನ್ನೇ ನಾನು ಪಾತ್ರೆಯಲ್ಲಿ ತುಂಬಿಕೊಂಡು ಬಂದಿದ್ದೆ. ನೆಲ ಬಾಯಿಬಿಡಬಾರದೇ ಎನಿಸಿತು. ಇನ್ನು ಇವರು ನನ್ನ ಮುಖ ನೋಡುವುದಿಲ್ಲ ಎಂದೇ ತಿಳಿದೆ.

ಅಕ್ಕ ಸ್ವಲ್ಪ ಹೊತ್ತು ಹೊಸಿಲ ಮೇಲೆ ಕೂತರು. ರೂಬಿ ಅವರ ಕೈ ನೆಕ್ಕುತ್ತಿದ್ದಳು. ಆಮೇಲೆ ಎದ್ದು, "ಬಸುರಿ ಅಲ್ದಿದ್ರೆ ಬಯಕೆ ಇರಲ್ವೇನೆ? ಬನ್ನಿ ಒಳಗೆ, ಎಲ್ರೂ ಕೂತು ಊಟ ಮಾಡಾಣ" ಎಂದರು.

ಯಾರೂ ಕದಲಲಿಲ್ಲ. ಕೊನೆಗೆ ಒಳಗೆ ಹೋದವರು ನಮ್ಮ ಅತ್ತೆ! ಸೆರಗು ಸಿಕ್ಕಿಸಿಕೊಂಡು ಹೋಗಿ ಪಡಸಾಲೆಯಲ್ಲಿ ಕೂತರು. ರೂಬಿ ಹೋಗಿ ಅವರ ಎಲೆಯ ಪಕ್ಕದಲ್ಲೇ ಕೂತಳು. ಅತ್ತೆ ಎಲೆ ಸರಿಸಲಿಲ್ಲ, ಎರಡನೇ ಸಲ ಕಡುಬು ಹಾಕಿಸಿಕೊಂಡರು. ಆಮೇಲೆ ನಾವೆಲ್ಲ ಕೂತೆವು. ಉಪ್ಪಿನಕಾಯಿ ನೆಕ್ಕುತ್ತ ಅಕ್ಕ ನನ್ನ ಕಿವಿ ಹಿಂಡಿ, "ಯಾರಿಗೆ ಅಂತ ಒಂದ್ ಮಾತು ಕೇಳ್ಬಾರ್ದಿತ್ತೇನೆ?" ಎಂದು ನಕ್ಕರು. ನಗುತ್ತಲೇ ನನಗೆ ಅಳು ಬಂತು. ಹಸಿರು ಬಳೆಯನ್ನು ಅವರು ವಾಪಸು ಕೊಡಲಿಲ್ಲ, ಒಡೆಯುವವರೆಗೂ ತೊಟ್ಟರು.

"ಇವತ್ತು ಉಣ್ದೆ ಬಂದಿದ್ರೆ ಮನುಷ್ಯರೇ ಅಲ್ಲ" ಎಂದರು ಅತ್ತೆ, ಮನೆಗೆ ಬಂದ ಮೇಲೆ. ಹಾಗೆಂದು ಬಚ್ಚಲಿಗೆ ಹೋಗಿ ತಲೆಗೆ ಎರಡು ತಂಬಿಗೆ ಸುರಿದುಕೊಂಡರು, ಅದು ಬೇರೆ ಮಾತು.

ರೂಬಿಯ ಕಿವಿಯ ಹುಣ್ಣು ಮಾಯಿತು. ನಾನು ಇನ್ನೂ ಎರಡು ಕುಲಾವಿ ಹೊಲಿದೆ, ಈ ಸಲ ರೂಬಿಯ ತಲೆಗೇ ದಾರ ಹಿಡಿದು. ಮರುವರ್ಷ ಓವರ್‌ಸಿಯರರಿಗೆ ಬಯಲುಸೀಮೆಗೆ ವರ್ಗವಾಯಿತು… ಆ ಸಾಲುಮನೆಯ ದಿನಗಳನ್ನು ನೆನೆದರೆ ಇವತ್ತಿಗೂ ಹೊಟ್ಟೆ ತುಂಬಿದಂತಾಗುತ್ತದೆ.

ಒಂದೇ ಒಂದು ವಿಷಯ ಚುಚ್ಚುತ್ತದೆ. ನನ್ನ ಮೊದಲ ಮಗು ತೊಡೆಯ ಮೇಲಿದ್ದಾಗ ಅಕ್ಕನ ಕಾರ್ಡು ಬಂತು. "ರೂಬಿ ಹೋದಳು. ಇಲ್ಲಿ ಯಾರಿಗೆ ಹೇಳಿದರೂ ನಗುತ್ತಾರೆ, ಅದಕ್ಕೆ ನಿನಗೆ ಬರೆದೆ." ನಾಯಿ ಸತ್ತದ್ದಕ್ಕೆ ಏನೆಂದು ಬರೆಯುವುದು? ನಾಳೆ ಬರೆದರಾಯಿತು, ನಾಡಿದ್ದು ಬರೆದರಾಯಿತು ಎಂದು ಬಿಟ್ಟೆ.

ಈಗ ಬರೆಯೋಣವೆಂದರೆ ಅಕ್ಕ ಇನ್ನೂ ಬದುಕಿರುವ ವಯಸ್ಸಲ್ಲ. ನನ್ನ ತಪ್ಪನ್ನು ಅವರು ಒಂದು ಊಟದಲ್ಲಿ ಮುಗಿಸಿದರು. ಅವರ ಮಗು ಹೋದಾಗ ನಾನು ಒಂದು ಕಾರ್ಡೂ ಹಾಕಲಿಲ್ಲ.